ನೂರ ಎಂಬತ್ತೇಳನೆಯ ಸಾಲು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ತಾರೀಖು ಕೇಳುತ್ತಿದ್ದೆ. ಅವರು ತಡವರಿಸಿದರೆ ನನ್ನ ನಂಬಿಕೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ನನ್ನ ಬಳಿಯೇ ತಾರೀಖಿದೆ, ಬರೆದಿಟ್ಟ ಪುಸ್ತಕವಿದೆ. ಆದರೂ ನೀವು ನಂಬಲೇಬೇಕೆಂದು ಒತ್ತಾಯಿಸಲಾರೆ.

ನಾನು ಧಾರವಾಡದವನು, ಕೋಲ್ಕತ್ತದಲ್ಲಿ ಸಂಶೋಧನಾ ವಿದ್ಯಾರ್ಥಿ. ಎಂದಾದರೂ ದೇಶ ಸುತ್ತಬೇಕೆಂಬ ಆಸೆಯಿಂದ ಪ್ರತಿ ಭಾನುವಾರ ಬೆಳಿಗ್ಗೆ ಪರಭಾಷೆಯ ಐದು ವಾಕ್ಯ ಕಲಿಯುತ್ತೇನೆ. ನಿಲ್ದಾಣ ಎಲ್ಲಿದೆ, ನೀರು ಕೊಡಿ, ದಾರಿ ತಪ್ಪಿದ್ದೇನೆ, ಇಂಥವು. ಮೊದಲು ಪುಸ್ತಕದಲ್ಲಿ ಅಂಕಿ ಹಾಕಿದ ಸಾಲಿನಲ್ಲಿ ವಾಕ್ಯ ಬರೆಯುವುದು, ಆಮೇಲೆ ಮೂರು ಸಲ ಗಟ್ಟಿಯಾಗಿ ಹೇಳುವುದು, ಸಲಕ್ಕೊಂದು ಗೀಟು ಎಳೆಯುವುದು. ಈ ಕ್ರಮ ಎಂದೂ ತಪ್ಪಿಸಿಲ್ಲ. ಕೋಣೆಯ ಜೊತೆಗಾರ, ಮಂಗಳೂರಿನ ರಫೀಕ್, ನಗುತ್ತಿದ್ದ: “ಪಾಸ್‌ಪೋರ್ಟೇ ಇಲ್ಲ ಮಾರಾಯ, ಆರು ಭಾಷೆಯಲ್ಲಿ ಕಕ್ಕಸು ಎಲ್ಲುಂಟು ಅಂತ ಕೇಳ್ಲಿಕ್ಕೆ ಮಾತ್ರ ಬರ್ತದೆ ನಿಂಗೆ.”

ಮಾರ್ಚ್ ಮೂವತ್ತರಂದು ಕಲಿತ ವಾಕ್ಯಗಳ ತಿಂಗಳ ಲೆಕ್ಕ ನೋಡುವಾಗ ನೂರ ಎಂಬತ್ತೇಳನೆಯ ಸಾಲು ಖಾಲಿ ಇತ್ತು. ವಾಕ್ಯವಿಲ್ಲ, ಮುಂದೆ ಮೂರು ಗೀಟು ಮಾತ್ರ. ಅವು ನನ್ನವೇ, ತುಸು ಎಡಕ್ಕೆ ವಾಲಿದವು. ರಫೀಕ್‌ನ ಕೀಟಲೆ ಎಂದುಕೊಂಡೆ. ಡೈರಿ ತೆರೆದು ನೋಡಿದರೆ, ಆ ಸಾಲಿನ ವಾರವೆಲ್ಲ ಅವನು ಮಂಗಳೂರಿನಲ್ಲಿದ್ದ.

ಏಪ್ರಿಲ್ ಇಪ್ಪತ್ತರ ಮಧ್ಯಾಹ್ನ ನಾವಿಬ್ಬರೂ ಬಿರಿಯಾನಿ ತಿನ್ನಲು ಖಿದಿರ್‌ಪುರಕ್ಕೆ ಹೋಗಿದ್ದೆವು. ಬಂದರಿನ ಗೇಟಿನ ಹತ್ತಿರ, ಚಹಾ ಅಂಗಡಿಯ ಬೆಂಚಿನ ಮೇಲೆ ಒಬ್ಬ ವಿದೇಶಿ ನಾವಿಕ ಉಸಿರಿಗಾಗಿ ಒದ್ದಾಡುತ್ತಿದ್ದ. ತುಟಿ ನೀಲಿಯಾಗಿತ್ತು. ಜನ ಬಿಸಿಲಿನ ಝಳವೆಂದು ನೀರು ಚಿಮುಕಿಸುತ್ತಿದ್ದರು.

“ದಾದಾ, ಇವರ ಮಾತು ಯಾರಿಗೂ ಗೊತ್ತಾಗ್ತಿಲ್ಲ, ನೀವು ಕೇಳಿ ನೋಡಿ” ಎಂದು ಅಂಗಡಿಯವನು ನನ್ನ ತೋಳು ಹಿಡಿದು ಹಿಂದಿಯಲ್ಲಿ ಹೇಳಿದ.

ಇಂಗ್ಲಿಷ್, ಸ್ಪ್ಯಾನಿಷ್, ಟರ್ಕಿಷ್ ಮೂರರಲ್ಲೂ ಕೇಳಿದೆ. ಅವನ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಆಗ ನನ್ನ ಬಾಯಿಂದ ಇನ್ನೊಂದು ವಾಕ್ಯ ಬಂತು. ಅರ್ಥ ನನಗೆ ಸ್ಪಷ್ಟವಾಗಿತ್ತು: ನಿಮ್ಮ ಔಷಧಿ ಎಲ್ಲಿದೆ? ಅದು ಯಾವ ಭಾಷೆ ಎಂದು ಮಾತ್ರ ತಿಳಿದಿರಲಿಲ್ಲ. ಅವನು ಥಟ್ಟನೆ ತಿರುಗಿ ಅಂಗಡಿಯ ಒಳಗೆ ಬೆರಳು ಮಾಡಿದ. ಯಾರೂ ಕದಿಯದಿರಲೆಂದು ಅವನ ಚೀಲವನ್ನು ಒಳಗೆ ಮೊಳೆಗೆ ತೂಗುಹಾಕಿದ್ದರು. ರಫೀಕ್ ಓಡಿ ತಂದ. ಹೊರಜೇಬಿನಲ್ಲಿ ಇನ್‌ಹೇಲರ್ ಇತ್ತು. ನಾಲ್ಕು ಸಲ ಒತ್ತಿಕೊಂಡ ಮೇಲೆ ಅವನ ಉಸಿರು ಹದಕ್ಕೆ ಬಂತು.

ಅಷ್ಟರಲ್ಲಿ ಹಡಗಿನ ಅಧಿಕಾರಿಯೊಬ್ಬರು ಬಂದರು. ನಾವಿಕನ ಮಾತು ಕೇಳಿ ನನ್ನ ಕಡೆ ತಿರುಗಿ, “ಜಾರ್ಜಿಯನ್ ಎಲ್ಲಿ ಕಲಿತಿರಿ? ಅವನ ಊರಿನವರ ಹಾಗೇ ಕೇಳಿದಿರಂತೆ” ಎಂದರು. ಕಲಿತಿಲ್ಲ ಎಂದೆ. ವಿನಯವೆಂದು ತಿಳಿದು ಕೈ ಕುಲುಕಿದರು.

ಸಂಜೆ ಪುಸ್ತಕದ ಪ್ರತಿ ಪುಟ ನೋಡಿದೆ. ಆರು ಭಾಷೆಗಳಲ್ಲಿ ಜಾರ್ಜಿಯನ್ ಇಲ್ಲ. ಆ ವಾಕ್ಯವನ್ನು ಫೋನಿನಲ್ಲಿ ಹುಡುಕಿ ಕೇಳಿದೆ; ಒಂದಕ್ಷರವೂ ತಪ್ಪಿರಲಿಲ್ಲ. ಅದನ್ನು ನೂರ ಎಂಬತ್ತೇಳನೆಯ ಸಾಲಿನಲ್ಲಿ ಬರೆದೆ. ಗೀಟು ಬಿದ್ದ ಮೇಲೆ ಬರೆದ ವಾಕ್ಯ ಇಡೀ ಪುಸ್ತಕದಲ್ಲಿ ಅದೊಂದೇ. ಎಲ್ಲಿಂದ ಬಂತೆಂದು ಇಂದಿಗೂ ಗೊತ್ತಿಲ್ಲ.

ಮರುವಾರವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ರಫೀಕ್ ಈಗ ನಗುವುದಿಲ್ಲ. ಭಾನುವಾರ ನಾನು ಪುಸ್ತಕ ತೆರೆದರೆ, “ಒಂದು ಸಾಲು ಖಾಲಿ ಬಿಡು ಮಾರಾಯ, ಯಾರಿಗೆ ಬೇಕಾಗ್ತದೋ” ಎನ್ನುತ್ತಾನೆ. ಬಿಡುತ್ತೇನೆ. ಮುಂದಿನ ಭಾನುವಾರ ಬರೆಯುವ ಮೊದಲು, ಗೀಟು ಬಿದ್ದಿದೆಯೇ ಎಂದು ಇಬ್ಬರೂ ಬಗ್ಗಿ ನೋಡುತ್ತೇವೆ.