ಓಡುವ ಮಾಸ್ತರರ ಕಾಯಿಲೆ

ಕಮಲಾಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮಹಾದೇವ ಮಾಸ್ತರರಿಗೆ ಓಡುವ ಚಟ ಹತ್ತಿದ್ದು ನಲವತ್ತಮೂರನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವರು ಓಡಿದ್ದೇನಿದ್ದರೂ ಬೆಳಗಿನ ಬಸ್ಸಿನ ಹಿಂದೆ. ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ, ನೌಕರಿ ಕಮಲಾಪುರದಲ್ಲಿ. ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ಕುಲುಕಿ, ನಡುವೆ ಆರು ಪಿರಿಯಡ್ಡು ಕೂಗಿ, ಮನೆಗೆ ಬಂದು ಹೆಂಡತಿ ಅಂಜನಾಳ ಮೇಲೆ ಸಿಡುಕಿ ಮಲಗುವ ಮನುಷ್ಯ. ಇಂಥವರ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆಯುವಂಥ ತಪ್ಪು ಮಾಡುವಷ್ಟು ಪುರುಸೊತ್ತೂ ಅವರಿಗೆ ಇರುವುದಿಲ್ಲ. ಮಹಾದೇವ ಮಾಸ್ತರರಿಗೆ ಮಾತ್ರ ಹೇಗೋ ಪುರುಸೊತ್ತು ಸಿಕ್ಕಿತು.

ಚಟ ಹಚ್ಚಿದವರು ಡಾಕ್ಟರು. ಫೆಬ್ರವರಿಯ ಮಾತು. ಹತ್ತನೇ ತರಗತಿಯ ಪರೀಕ್ಷೆ ತಲೆಯ ಮೇಲೆ ಬಂದು ಕೂತಿತ್ತು. ಫಲಿತಾಂಶ ಯಾಕೆ ಏರುತ್ತಿಲ್ಲ ಎಂದು ಒಂದು ಸಭೆ, ಆ ಸಭೆಯಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯಲು ಇನ್ನೊಂದು ಸಭೆ, ಬೆಳಗಿನ ಐದಕ್ಕೇ ಟಣ್ ಎನ್ನುವ ವಾಟ್ಸಾಪ್ ಗುಂಪು, ಮೊಟ್ಟೆ ತಿನ್ನುತ್ತಿರುವ ಮಕ್ಕಳ ಫೋಟೋ ಹನ್ನೊಂದರೊಳಗೆ ಹಾಕಬೇಕೆಂಬ ತಾಕೀತು. ಒಂದು ದಿನ ಪೈಥಾಗೊರಸ್ ಪ್ರಮೇಯ ಅರ್ಧಕ್ಕೆ ಬಂದಾಗ ಬೋರ್ಡೇ ಗಿರ್ರೆಂದು ತಿರುಗಿತು. ಅಂದು ಸಂಜೆ ಕಾಲೋನಿಯ ಕ್ಲಿನಿಕ್ಕಿನಲ್ಲಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಏರಿಸಿದರು.

"ಮ್ಯಾಲ ನೂರಾ ಅರವತ್ತು, ಕೆಳಗ ನೂರು. ಮಾಸ್ತರ್ರ, ಏನ್ ಹಚ್ಚೀರಿ ನೀವು?"

ಬೀಪಿ ಹೆಚ್ಚಿದೆ, ಹದಿನೈದು ದಿನ ವಿಶ್ರಾಂತಿ ಬೇಕು, ಹೆಚ್ಚು ಶ್ರಮ ಕೂಡದು ಎಂದು ಚೀಟಿ ಬರೆದರು. ಗುಳಿಗೆ ಬರೆದರು. ವಿಶ್ರಾಂತಿ ಮುಗಿದ ಮೇಲೆ ದಿನಾ ಬೆಳಿಗ್ಗೆ ನಡೆಯಿರಿ ಎಂದರು. ನಡೆದರು. ಏಪ್ರಿಲ್ಲಿನ ಹೊತ್ತಿಗೆ ನಡಿಗೆ ಓಟವಾಯಿತು.

ಓಡುವವರ ಸುಖ ಓಡದವರಿಗೆ ತಿಳಿಯುವುದಿಲ್ಲ ಎಂದು ಓಡುವವರೆಲ್ಲ ಹೇಳಿ ತಲೆ ತಿನ್ನುತ್ತಾರೆ. ಮಾಸ್ತರರೂ ಹಾಗೇ ಆದರು. ಮೊದಲ ಕಿಲೋಮೀಟರಿನಲ್ಲಿ ಸಭೆಯಲ್ಲಿ ಬಾಯಿಗೆ ಬಾರದ ಉತ್ತರಗಳನ್ನೆಲ್ಲ ಮನಸ್ಸಿನಲ್ಲೇ ಮೇಲಿನವರ ಮುಖಕ್ಕೆ ಹೇಳುತ್ತಿದ್ದರು. ಎರಡನೆಯದರಲ್ಲಿ ಉತ್ತರಗಳು ಮುಗಿಯುತ್ತಿದ್ದವು. ಮೂರನೆಯದಕ್ಕೆ ಬರುವಷ್ಟರಲ್ಲಿ ಉಸಿರು ಮತ್ತು ಹೆಜ್ಜೆ ಬಿಟ್ಟರೆ ತಲೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮನೆಗೆ ಬಂದು ಅಂಜನಾ ಕೊಟ್ಟ ಚಹಾ ಕುಡಿದು, "ಚಲೋ ಆಗ್ಯಾದ" ಅನ್ನುವುದನ್ನೂ ಕಲಿತರು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಗಂಡನ ಬಾಯಿಂದ ಆ ಮಾತು ಕೇಳಿ ಅವಳು ಒಂದು ಗಳಿಗೆ ಹೆದರಿದಳು. ಆಗಸ್ಟಿನಲ್ಲಿ ಡಾಕ್ಟರು ಮತ್ತೆ ಪಟ್ಟಿ ಸುತ್ತಿದರು. ನೂರಾ ಇಪ್ಪತ್ನಾಲ್ಕು, ಎಂಬತ್ತೆರಡು. ಗುಳಿಗೆ ನಿಂತಿತು. ಫೆಬ್ರವರಿಯ ಚೀಟಿ ಮಾತ್ರ ಪಾಕೀಟಿನ ಒಳಜೇಬಿನಲ್ಲಿ ಉಳಿಯಿತು.

ಸೆಪ್ಟೆಂಬರಿನಲ್ಲಿ ಮನೆಮನೆ ಸಮೀಕ್ಷೆಯ ಡ್ಯೂಟಿ ಪಟ್ಟಿ ಬಂತು. ದಸರಾ ರಜೆಯಲ್ಲಿ ಮಾಸ್ತರರೆಲ್ಲ ಮೊಬೈಲು ಹಿಡಿದು ಮನೆಮನೆ ತಿರುಗಿ, ಮಂದಿಯ ಕುಲ, ಕಸುಬು, ಕಕ್ಕಸು ಎಲ್ಲವನ್ನೂ ಕೇಳಿ ತುಂಬಬೇಕು. ಮಹಾದೇವ ಮಾಸ್ತರರ ಹೆಸರಿನ ಮುಂದೆ ಜೇವರ್ಗಿ ಕಾಲೋನಿಯ ನೂರಾ ನಲವತ್ತು ಮನೆ. ಅದೇ ರಜೆಯ ಒಂದು ರವಿವಾರ ಊರಿನ ಓಟಗಾರರ ಗುಂಪೊಂದು ಹತ್ತು ಕಿಲೋಮೀಟರ್ ಓಟ ಇಟ್ಟುಕೊಂಡಿತ್ತು. ಮಾಸ್ತರರು ಅದಕ್ಕೆ ಹೆಸರು ಕೊಟ್ಟಾಗಿತ್ತು, ಬೂಟು ಪಳಗಿಸಿಕೊಂಡಾಗಿತ್ತು. ವರ್ಷಕ್ಕೊಮ್ಮೆ ಸಿಗುವ ಹದಿನೈದು ಬೆಳಗುಗಳು ಮಂದಿಯ ಮನೆಯ ಬಾಗಿಲಲ್ಲಿ ಹೋಗುತ್ತವಲ್ಲ ಎಂದು ಅವರಿಗೆ ಹೊಟ್ಟೆ ಉರಿಯಿತು. ಪಾಕೀಟು ತೆಗೆದರು. ಚೀಟಿಯಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ತಾರೀಖು ಮಾತ್ರ ಹಳೆಯದು. ಹೆಡ್‌ಮಾಸ್ತರರು ತಾರೀಖು ನೋಡಲಿಲ್ಲ. ಬೀಪಿ ಎಂಬ ಎರಡಕ್ಷರ ನೋಡಿ, ಡ್ಯೂಟಿ ಬಿಡಿಸುವ ಅರ್ಜಿಗೆ ಸಹಿ ಹಾಕಿದರು.

ಅಷ್ಟಕ್ಕೇ ಮುಗಿದಿದ್ದರೆ ಇದು ಎಲ್ಲರೂ ಮಾಡುವ ಸಣ್ಣ ಕಳ್ಳಾಟವಾಗಿ ಹೋಗುತ್ತಿತ್ತು. ಆದರೆ ಮರುದಿನ ಸ್ಟಾಫ್‌ರೂಮಿನಲ್ಲಿ ಹೆಡ್‌ಮಾಸ್ತರರು, "ಮಹಾದೇವ ಸರ್ ಬದ್ಲಿಗಿ ಒಬ್ಬರ ಹೆಸರು ಕೊಡಬೇಕಾಗ್ಯಾದ, ಯಾರು ಹೋಗ್ತೀರಿ?" ಎಂದು ಕೇಳಿದರು. ಹರೆಯದವರು ಫ್ಯಾನು ನೋಡಿದರು. ನಡುವಯಸ್ಸಿನವರು ವಹಿ ತಿದ್ದತೊಡಗಿದರು. ಮೂಲೆಯ ಕುರ್ಚಿಯಿಂದ ಹಿಂದಿ ಮಾಸ್ತರು ಶಬ್ಬೀರ್ ಸರ್ ಕೈ ಎತ್ತಿದರು.

"ನಾ ಹೋಗ್ತೀನ್ರಿ ಸರ. ಜಾನ್ ಹೈ ತೋ ಜಹಾನ್ ಹೈ, ಜೀವ ಇದ್ರ ಜಗತ್ತು. ಪಾಪ, ಅವರ ತಬಿಯತ್ ಮೊದ್ಲು."

ಶಬ್ಬೀರ್ ಸರ್‌ಗೆ ಐವತ್ತೆಂಟು. ನಿವೃತ್ತಿಗೆ ಎರಡು ವರ್ಷ. ಎಡಮೊಣಕಾಲು ಸವೆದು, ತರಗತಿಯ ಕಟ್ಟೆ ಏರುವಾಗಲೂ ಬಾಗಿಲ ಚೌಕಟ್ಟು ಹಿಡಿಯುವವರು. ಅದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಮಹಾದೇವ ಮಾಸ್ತರರಿಗೆ. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಬಸ್ಸಿನ ಜೊತೆಗಾರರು. ಆಗಲೇ ಎದ್ದು ನಿಂತು, ಬೇಡ ಸರ್, ನಾನು ಆರಾಮಿದ್ದೇನೆ, ನಾನೇ ಹೋಗುತ್ತೇನೆ ಎನ್ನಬಹುದಿತ್ತು. ಹತ್ತು ಸೆಕೆಂಡಿನ ಕೆಲಸ. ಮಾಸ್ತರರು ಆ ಹತ್ತು ಸೆಕೆಂಡು ಕೆಮ್ಮಿದರು.

ಅಲ್ಲಿಂದ ಶುರುವಾಯಿತು ಅವರ ನಿಜವಾದ ಕಾಯಿಲೆ. ಮರುದಿನ ಬಸ್ ನಿಲ್ದಾಣಕ್ಕೆ ಬಂದರೆ ಶಬ್ಬೀರ್ ಸರ್ ಮೊದಲೇ ಬಂದು, ಕಿಟಕಿಯಿಂದ ದಸ್ತಿ ಎಸೆದು ಮುಂದಿನ ಸೀಟು ಹಿಡಿದಿದ್ದರು. "ಹಿಂದ ಕುಲುಕ್ತದ, ಬೀಪಿಗಿ ಚಲೋ ಅಲ್ಲ, ಇಲ್ಲಿ ಕೂಡ್ರಿ," ಎಂದರು. ಸೀಟು ಒಂದೇ ಇತ್ತು. ತಾವು ಕಂಬ ಹಿಡಿದು ಕಮಲಾಪುರದವರೆಗೆ ನಿಂತರು. ಊಟದ ಹೊತ್ತಿಗೆ ಮಾಸ್ತರರ ಡಬ್ಬಿಯಿಂದ ಉಪ್ಪಿನಕಾಯಿ ತೆಗೆದು ತಮ್ಮ ಡಬ್ಬಿಗೆ ಹಾಕಿಕೊಂಡರು. ಸಂಜೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡು, "ಇದರಾಗ ಬೀಪಿಗಿ ಆಗೋ ಗುಣ ಅದ ಅಂತಾರ" ಎಂದು ಚೀಲಕ್ಕೆ ತುರುಕಿದರು. ಮಾಸ್ತರರು ಮನೆಗೆ ಬಂದು ಆ ಹಣ್ಣನ್ನು ಸುಮ್ಮನೆ ನೋಡುತ್ತ ಕೂತರು. ತಿನ್ನಲು ನಾಚಿಕೆ, ಬಿಸಾಡಲು ಮನಸ್ಸಿಲ್ಲ.

ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದರು. ದಿನಾ ಇನ್ನೊಂದು ದಿನ ತಡವಾಗುತ್ತಿತ್ತು. ತಡವಾದಷ್ಟೂ ಹೇಳುವ ಮಾತು ದೊಡ್ಡದಾಗುತ್ತಿತ್ತು.

ರಜೆ ಬಂತು, ಸಮೀಕ್ಷೆ ಶುರುವಾಯಿತು. ಶಬ್ಬೀರ್ ಸರ್ ಕಾಲೋನಿಯಲ್ಲೇ ತಿರುಗುತ್ತಿದ್ದುದರಿಂದ ಅಲ್ಲಿ ಓಡುವಂತಿಲ್ಲ. ಮಾಸ್ತರರು ಬೆಳಿಗ್ಗೆ ಸ್ಕೂಟರ್ ಹತ್ತಿ, ಊರು ದಾಟಿ ತಾಜಸುಲ್ತಾನಪುರದ ದಾರಿಗೆ ಹೋಗಿ, ತೊಗರಿ ಹೊಲದ ಬದಿಗೆ ಸ್ಕೂಟರ್ ನಿಲ್ಲಿಸಿ, ಅಲ್ಲಿ ಓಡತೊಡಗಿದರು. ಓಡಲು ಸ್ಕೂಟರಿನಲ್ಲಿ ಹೋಗುವ ಮನುಷ್ಯನನ್ನು ಹೊಲದವರು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ, ಮಾಸ್ತರರಿಗೇ ಅದು ವಿಚಿತ್ರವಾಗಿತ್ತು. ಮೂರನೇ ಕಿಲೋಮೀಟರಿಗೆ ತಲೆ ಖಾಲಿಯಾಗುವ ಬದಲು ಶಬ್ಬೀರ್ ಸರ್ ಬಂದು ಕೂರುತ್ತಿದ್ದರು. ಈಗ ಯಾವ ಮನೆಯ ಮೆಟ್ಟಿಲು ಏರುತ್ತಿದ್ದಾರೋ, ಯಾವ ಗೇಟಿನಲ್ಲಿ ನಾಯಿ ಬೊಗಳುತ್ತಿದೆಯೋ. ಟೆನ್ಶನ್ ಕಳೆಯಲೆಂದು ಹಿಡಿದ ಓಟವೇ ಟೆನ್ಶನ್ ಆಗಿ ಎದೆಯ ಮೇಲೆ ಕೂತಿತ್ತು. ಸಂಜೆಯಾದರೆ ಫೋನು ಬೇರೆ. "ಆರಾಮ ಇದ್ದೀರಿಲ್ಲ? ಗುಳಗಿ ತೊಗೊಂಡ್ರಿ? ಜೀನತ್ ಕೇಳಾಕತ್ತಾಳ." ಜೀನತ್ ಅಂದರೆ ಶಬ್ಬೀರ್ ಸರ್ ಹೆಂಡತಿ. ಶಬ್ಬೀರ್ ಸರ್ ಕಾಲಿನ ಸುದ್ದಿ ಕೇಳಲು ಮಾಸ್ತರರಿಗೆ ಬಾಯಿ ಬರುತ್ತಿರಲಿಲ್ಲ.

ರವಿವಾರ ಹತ್ತು ಕಿಲೋಮೀಟರ್ ಓಡಿ ಮುಗಿಸಿದರು. ಒಂದು ಗಂಟೆ ನಾಲ್ಕು ನಿಮಿಷ. ಕೊರಳಿಗೆ ಪದಕ ಹಾಕಿದರು. ಎಲ್ಲರೂ ಫೋಟೋಕ್ಕೆ ಹಲ್ಲು ಕಿರಿಯುತ್ತಿದ್ದರೆ ಇವರು ಟೋಪಿ ಮೂಗಿನವರೆಗೆ ಎಳೆದುಕೊಂಡು ನೀರಿನ ಡ್ರಮ್ಮಿನ ಹಿಂದೆ ನಿಂತರು. ಇಷ್ಟು ಬೇಸರದಲ್ಲಿ ಪದಕ ಗೆದ್ದವರು ಊರಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಎರಡು ದಿನ ಬಿಟ್ಟು, ತೊಗರಿ ಹೊಲದ ದಾರಿಯಲ್ಲಿ ಓಡಿ ಮನೆಗೆ ಬಂದು ಸ್ಕೂಟರ್ ನಿಲ್ಲಿಸುವಾಗ ಗೇಟಿನಲ್ಲಿ ಶಬ್ಬೀರ್ ಸರ್ ನಿಂತಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಚೀಲ, ಪ್ಯಾಂಟಿನ ಮೇಲೆಯೇ ಬಿಗಿದ ಮೊಣಕಾಲ ಪಟ್ಟಿ. ತಮ್ಮ ಓಣಿ ಬೇರೆಯವರ ಪಾಲಿಗೆ ಬಂದಿರುತ್ತದೆ ಎಂದು ಮಾಸ್ತರರು ನಂಬಿದ್ದರು. ಅದೂ ಆ ನೂರಾ ನಲವತ್ತರಲ್ಲೇ ಇತ್ತು.

"ಯಾ ಅಲ್ಲಾ! ಏನ್ರೀ ಇಷ್ಟು ಬೆವತೀರಿ?" ಶಬ್ಬೀರ್ ಸರ್ ಕುಂಟುತ್ತ ಬಂದು ಕೈ ಹಿಡಿದರು. "ಒಳಗ ನಡೀರಿ, ಗಾಳಿಗಿ ಕೂಡ್ರಿ. ಎದಿ ಹಿಡದದೇನು? ದವಾಖಾನಿಗಿ ಹೋಗೋಣೇನು?"

ಓಡುವ ಬೂಟು ಕಣ್ಣ ಮುಂದೆಯೇ ಇತ್ತು. ಶಬ್ಬೀರ್ ಸರ್ ಬೂಟು ನೋಡಲಿಲ್ಲ, ಮುಖ ನೋಡಿದರು.

ಒಳಗೆ ಅಂಜನಾ ನೀರು ತಂದಳು. ಶಬ್ಬೀರ್ ಸರ್ ಸೋಫಾ ಬಿಟ್ಟು ಎತ್ತರದ ಕುರ್ಚಿಯಲ್ಲಿ ಕೂತು, ಕಾಲು ಎರಡೂ ಕೈಯಿಂದ ಎತ್ತಿ ಮುಂದೆ ಚಾಚಿದರು. "ಇವರ ಕಡಿ ಸ್ವಲ್ಪ ಲಕ್ಷ್ಯ ಇಡ್ರಿ. ಡ್ಯೂಟಿ ನಾ ಮಾಡಾಕತ್ತೀನಿ, ಅದರ ಚಿಂತಿ ಬ್ಯಾಡ. ಬೀಪಿ ಚೀಟಿ ಕೊಟ್ಟಿದ್ದು ಚಲೋ ಆತು ಅಂತೀನಿ ನಾ." ಅಂಜನಾ ಗಂಡನ ಕಡೆ ನೋಡಿದಳು. ಈ ಸಲ ಡ್ಯೂಟಿಗೆ ನನ್ನ ಹೆಸರು ಬಂದಿಲ್ಲ ಎಂದು ಮಾಸ್ತರರು ಅವಳಿಗೆ ಹೇಳಿದ್ದರು. ಚಹಾ ಇಡುತ್ತೇನೆಂದು ಒಳಗೆ ಹೋದಳು. ಒಂದು ಮಾತು ಬೈದಿದ್ದರೆ ವಾಸಿಯಿತ್ತು.

ಶಬ್ಬೀರ್ ಸರ್ ಮೊಬೈಲು ತೆಗೆದು ಒಂದೊಂದೇ ಕೇಳಿ ತುಂಬತೊಡಗಿದರು. ಹೆಸರು, ವಯಸ್ಸು, ಶಿಕ್ಷಣ, ಮನೆ ಸ್ವಂತದ್ದೋ ಬಾಡಿಗೆಯದೋ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಓದಿದರು: "ಕುಟುಂಬದಲ್ಲಿ ದೀರ್ಘಕಾಲದ ಕಾಯಿಲೆಯಿಂದ ಬಳಲುತ್ತಿರುವವರು ಇದ್ದಾರೆಯೇ?" ಓದಿ ನಕ್ಕರು. "ಇದೇನ್ ಕೇಳೋದು, ನಾನೇ ಹಾಕ್ತೀನಿ. ಹಾಕಿದ್ರ ಚಲೋನೇ, ಮುಂದಿನ ಸಲ ನಿಮಗ ಕೇಳಂಗಿಲ್ಲ."

ಬೆರಳು ಪರದೆಯ ಹತ್ತಿರ ಹೋಯಿತು.

"ಇಲ್ಲ ಅಂತ ಹಾಕ್ರಿ," ಎಂದರು ಮಹಾದೇವ ಮಾಸ್ತರರು.

"ಯಾಕ್ರಿ? ಮನ್ಯಾಗ ಹೇಳಿಲ್ಲೇನು?" ಶಬ್ಬೀರ್ ಸರ್ ದನಿ ಇಳಿಸಿದರು.

"ಇಲ್ರಿ ಸರ. ನನಗ ಬೀಪಿ ಇಲ್ಲ. ಫೆಬ್ರವರ್ಯಾಗ ಇತ್ತು, ಹೋಗ್ಯಾದ. ನಾ ಕೊಟ್ಟಿದ್ದು ಹಳೀ ಚೀಟಿ. ನಾ ದಿನಾ ಓಡಾಕ ಹೋಗ್ತೀನಿ. ಈಗೂ ಓಡಿ ಬಂದೀನಿ. ಮೊನ್ನಿ ರವಿವಾರ ಹತ್ತು ಕಿಲೋಮೀಟರ್ ಓಡೀನಿ."

ಶಬ್ಬೀರ್ ಸರ್ ಬಾಯಿ ತೆರೆದು ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಅಂದ್ರ ಆರಾಮ ಇದ್ದೀರಿ? ಪೂರಾ?"

"ಪೂರಾ ಆರಾಮ ಇದ್ದೀನ್ರಿ."

"ಶುಕ್ರ್ ಹೈ! ನಮ್ಮ ಜೀನತ್ ದಿನಾ ದುವಾ ಮಾಡ್ತಿದ್ಳು ನೋಡ್ರಿ ನಿಮ್ಮ ಸಲುವಾಗಿ."

ಅವರು ನಿಜವಾಗಿ ಸಂತೋಷಪಟ್ಟರು. ಮಾಸ್ತರರು ಬೈಗುಳಕ್ಕೆ ಸಿದ್ಧರಾಗಿದ್ದರು, ಇದಕ್ಕೆ ಆಗಿರಲಿಲ್ಲ. ಅರ್ಧ ನಿಮಿಷ ಹೋದ ಮೇಲೆ ಉಳಿದ ಅರ್ಥ ಶಬ್ಬೀರ್ ಸರ್ ತನಕ ಬಂದು ಮುಟ್ಟಿತು. ಅರಳಿದ ಮುಖ ಮೆಲ್ಲಗೆ ಮುಚ್ಚಿಕೊಂಡಿತು. ಅವರು 'ಇಲ್ಲ' ಎಂಬುದನ್ನು ಒತ್ತಿದರು. ಉಳಿದ ಪ್ರಶ್ನೆಗಳನ್ನು ಪರದೆಯಲ್ಲಿ ಇದ್ದಂತೆಯೇ, ಪುಸ್ತಕದ ಕನ್ನಡದಲ್ಲಿ, 'ತಾವು', 'ತಮ್ಮ' ಎನ್ನುತ್ತ, ತಲೆ ಎತ್ತದೆ ಕೇಳಿ ಮುಗಿಸಿದರು. ಅಂಜನಾ ಚಹಾ ತಂದಾಗ, ಇನ್ನೂ ಮನೆಗಳಿವೆ ಎಂದು ಎದ್ದರು.

ಗೇಟಿನ ಹತ್ತಿರ ನಿಂತು ಒಂದೇ ಮಾತು ಕೇಳಿದರು. "ಓಡಾಕ ಹೋಗ್ತೀನಿ, ನೀವು ಡ್ಯೂಟಿ ಮಾಡ್ರಿ ಅಂದಿದ್ರೂ ನಾ ಮಾಡ್ತಿದ್ದೆ. ಹನ್ನೊಂದು ವರ್ಷದಾಗ ಯಾವಾಗರ ಇಲ್ಲ ಅಂದೀನೇನು?"

ಪಕ್ಕದ್ದು ಮೂರು ಅಂತಸ್ತಿನ ಮನೆ. ಕೆಳಗಿನ ಎರಡು ಬಾಡಿಗೆಗೆ ಖಾಲಿ, ಮಂದಿ ಇರುವುದು ತುದಿಯಲ್ಲಿ. ಮಾಸ್ತರರು ಹಿಂದೆಯೇ ಓಡಿ ಬಂದು ಮೆಟ್ಟಿಲಿಗೆ ಅಡ್ಡ ನಿಂತರು. "ಸರ, ನೀವು ಇಲ್ಲೇ ಕೂಡ್ರಿ. ನಾ ಹೋಗಿ ಅವರಿಗಿ ಕೆಳಗ ಕರಕೊಂಡು ಬರ್ತೀನಿ. ಉಳದ ಮನಿನೂ ನಾನೇ ತಿರಗ್ತೀನಿ. ಚೀಲ ಕೊಡ್ರಿ."

"ಬ್ಯಾಡ್ರಿ," ಎಂದರು ಶಬ್ಬೀರ್ ಸರ್. ಸಿಟ್ಟಿರಲಿಲ್ಲ ದನಿಯಲ್ಲಿ. "ಸರ್ಕಾರದ ಕಾಗದದಾಗ ನಿಮಗ ಬೀಪಿ ಅದ. ನೀವು ಮೆಟ್ಟಲ ಹತ್ತೋದು ಯಾರರ ಫೋಟೋ ಹೊಡದು ಗ್ರೂಪಿಗಿ ಹಾಕಿದ್ರ ನಿಮ್ಮ ನೌಕರಿಗಿ ಬರ್ತದ, ಸಹಿ ಹಾಕಿದ ಹೆಡ್‌ಮಾಸ್ತರ್ರಿಗೂ ಬರ್ತದ. ಬಾಜೂ ಸರೀರಿ."

ಮಾಸ್ತರರು ಸರಿದರು. ಶಬ್ಬೀರ್ ಸರ್ ಮೆಟ್ಟಿಲ ಬದಿಯ ಕಟಾಂಜನ ಹಿಡಿದು ಬಲಗಾಲು ಮೇಲಿಟ್ಟರು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡರು, ನಿಂತರು, ಮತ್ತೆ ಬಲಗಾಲು ಮೇಲಿಟ್ಟರು. ಮೊದಲ ಅಂತಸ್ತಿನ ತಿರುವಿನಲ್ಲಿ ಉಸಿರು ಬಿಡುವ ಸದ್ದು ಕೇಳಿತು, ಆಮೇಲೆ ಮತ್ತೆ ಹೆಜ್ಜೆ. ಮಹಾದೇವ ಮಾಸ್ತರರು ಓಡುವ ಬೂಟಿನಲ್ಲಿ ಕೆಳಗೆ ನಿಂತಿದ್ದರು. ಎದೆ ಸಮನಾಗಿ ಹೊಡೆದುಕೊಳ್ಳುತ್ತಿತ್ತು. ಮೈಯಲ್ಲಿ ಎಲ್ಲಿಯೂ ಒಂದು ನೋವಿರಲಿಲ್ಲ.