ಭಾವನ ಫೈರ್‌ವಾಲ್‌ನ ಆಚೆ

ಮನೆಯ ಯಜಮಾನ ತೀರಿಕೊಂಡ ಮೇಲೂ ಅವನು ಹಾಕಿಟ್ಟ ನಿಷೇಧ ಮನೆಯವರನ್ನು ತಡೆಯುತ್ತಲೇ ಇದ್ದರೆ, ಅದನ್ನು ಮೀರುವ ಹಕ್ಕು ಯಾರದು?

ನಂಜನಗೂಡಿನ ಅಕ್ಕನ ಮನೆಯಲ್ಲಿ ಈ ಪ್ರಶ್ನೆ ನನಗೆ ಎದುರಾದದ್ದು ಬ್ರಾಡ್‌ಬ್ಯಾಂಡ್ ಊರಿಗೆ ಬಂದ ಹೊಸತರಲ್ಲಿ. ಭಾವ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಸಂಜೆ ಬೀದಿಯ ಮಕ್ಕಳಿಗೆ ಮನೆಯಲ್ಲೇ ಕಂಪ್ಯೂಟರ್ ಕಲಿಸುತ್ತಿದ್ದರು. ಮಕ್ಕಳು ಮೋಡೆಮ್ಮಿನ ಸೆಟ್ಟಿಂಗ್ಸ್ ಕೆಡಿಸದಿರಲೆಂದು, ಅದಕ್ಕೂ ಮನೆಯ ಕಂಪ್ಯೂಟರಿಗೂ ನಡುವೆ ಹಳೆಯ ಯಂತ್ರವೊಂದನ್ನು ಕಾವಲಿಗಿಟ್ಟಿದ್ದರು. ಫೈರ್‌ವಾಲ್ ಎಂದರೆ ಅದೇ. ಇಂಟರ್ನೆಟ್ಟಿಗೆ ಹೋಗುವವರನ್ನು ಬಿಡುತ್ತಿತ್ತು. ಮೋಡೆಮ್ಮಿನೊಳಗೆ ಇಣುಕುವವರನ್ನು ಬಿಡುತ್ತಿರಲಿಲ್ಲ.

ಒಂದು ಮುಂಜಾನೆ ಎದೆನೋವೆಂದು ಕೂತ ಭಾವ ಮತ್ತೆ ಏಳಲಿಲ್ಲ. ಪಾಠ ನಿಲ್ಲಬಾರದೆಂದು ಅಕ್ಕ ಸಂಪರ್ಕವನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಹಳೆಯ ಹೆಸರಿನದು ನಿಂತಿತು; ಹೊಸ ಹೆಸರು, ಪಾಸ್‌ವರ್ಡುಗಳನ್ನು ಮೋಡೆಮ್ಮಿನ ಸೆಟ್ಟಿಂಗ್ಸ್ ಪುಟದಲ್ಲಿ ತುಂಬಬೇಕಿತ್ತು. ನಾನು ತಿ. ನರಸೀಪುರದಿಂದ ಬಸ್ಸು ಹಿಡಿದು ಹೋದೆ. ಎಷ್ಟು ಒತ್ತಿದರೂ ಪುಟ ತೆರೆಯದು. ಕಾವಲಿನ ಯಂತ್ರವನ್ನು ಆರಿಸಿ, ಮೋಡೆಮ್ಮಿನ ತಂತಿಯನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದರಾಯಿತೆಂದು ಸ್ವಿಚ್ಚಿಗೆ ಕೈ ಹಾಕಿದೆ.

“ಮುಟ್ಬೇಡ ಕಣೋ.”

ಭಾವನ ತಲೆಯಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ತಿಥಿಯ ತನಕ ಉರಿದು ಆರಿತ್ತು. ಈ ಯಂತ್ರವನ್ನು ಮಾತ್ರ ಅಕ್ಕ ಆರಗೊಟ್ಟಿರಲಿಲ್ಲ. ಕರೆಂಟು ಹೋದಾಗ ತಾನು ಕತ್ತಲಲ್ಲಿ ಕೂತು ಯುಪಿಎಸ್ಸನ್ನು ಇದಕ್ಕೇ ಬಿಡುತ್ತಿದ್ದಳು. ಭಾವ ಕೊನೆಯ ಸಲ ಬಿಟ್ಟೆದ್ದಂತೆಯೇ, ಅವರ ಹೆಸರಿನಲ್ಲಿ ಲಾಗಿನ್ ಆಗಿಯೇ, ಅದು ಓಡುತ್ತಿತ್ತು. ಅದರ ಫ್ಯಾನಿನ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು, ಒಳಗೆ ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ.

“ಅಕ್ಕ, ಯಂತ್ರಾನ ದೀಪ ಅಂದ್ಕೊಂಡ್ರೆ ಹೇಗೆ? ನಾವೇ ಇಂಥದ್ನೆಲ್ಲ ನಂಬಿದ್ರೆ ಬೇರೆಯವ್ರಿಗೆ ಏನು ಹೇಳೋದು?”

“ನಿನ್ ಡಿಬೇಟು ಕಾಲೇಜಲ್ಲಿ ಮಾಡ್ಕೊ. ಇಲ್ಲಿ ಷೀಲ್ಡ್ ಕೊಡೋರು ಯಾರೂ ಇಲ್ಲ. ತಂತೀನೂ ಕೀಳ್ಬೇಡ, ಅವ್ರು ಸಿಕ್ಸಿದ್ ಹಾಗೇ ಇರ್ಲಿ. ಆರ್ಸಿದ್ರೆ ಮತ್ತೆ ಅವ್ರ ಪಾಸ್‌ವರ್ಡ್ ಕೇಳ್ತದೆ. ಎಲ್ಲಿಂದ ತತ್ತೀಯಾ?”

ಸ್ವಿಚ್ಚಿನಿಂದ ಕೈ ತೆಗೆದೆ. ಓಡುತ್ತಿರುವ ಯಂತ್ರದ ಮೂಲಕವೇ ದಾಟಬೇಕಾಯಿತು. ಅದು ಭಾವ ಬರೆದಿಟ್ಟ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಅನ್ವಯಿಸಿದ ಸಾಲೇ ಅದರ ತೀರ್ಪು; ಕೆಳಗಿನವನ್ನು ನೋಡುವುದಿಲ್ಲ. ಮೋಡೆಮ್ಮಿನ ದಾರಿಯನ್ನು ತಡೆಯುವ ಭಾವನ ಸಾಲನ್ನು ಅಳಿಸಲು ಮನಸ್ಸಾಗಲಿಲ್ಲ. ಅದರ ಮೇಲೆ, ಅಕ್ಕನ ಕಂಪ್ಯೂಟರೊಂದನ್ನು ಬಿಡು ಎಂಬ ಸಾಲನ್ನು ಸೇರಿಸಿದೆ.

ಪುಟ ತೆರೆಯಿತು. ಬಳಕೆದಾರರ ಹೆಸರಿನ ಜಾಗದಲ್ಲಿ ಭಾವನ ಹೆಸರಿತ್ತು. ಅಕ್ಕ ಕೀಬೋರ್ಡನ್ನು ತನ್ನೆಡೆಗೆ ಎಳೆದುಕೊಂಡಳು.

“ಅಳಿಸ್ಲೇಬೇಕಾ?”

“ಇದ್ರಲ್ಲಿ ಇಬ್ರಿಗೆ ಜಾಗ ಇಲ್ಲ, ಅಕ್ಕ.”

ಆಕೆ ಕೊನೆಯ ಅಕ್ಷರದಿಂದ ಒಂದೊಂದಾಗಿ ಅಳಿಸಿದಳು. ಬೆನ್ನ ಹಿಂದಿನ ಉಸಿರು ಎಲ್ಲಿ ಬದಲಾಗುವುದೋ ಎಂದು ನಾನು ಕಿವಿಗೊಟ್ಟಿದ್ದೆ. ತರ್ಕವನ್ನೇ ನೆಚ್ಚಿದ ನಾನು. ಅದು ಬದಲಾಗಲಿಲ್ಲ. ಆಕೆ ತನ್ನ ಹೆಸರು, ಪಾಸ್‌ವರ್ಡು ತುಂಬಿದ ಮೇಲೆ ಮೋಡೆಮ್ಮಿನ ದೀಪ ಹಸಿರಾಯಿತು.

“ಸುಮ್ನೆ ಬಿಟ್ಬುಟ್ರು,” ಎಂದಳು ಅಕ್ಕ. “ಒಂದ್ಮಾತೂ ಅನ್ಲಿಲ್ಲ.”

ಇಂದಿಗೂ ಆ ಕೋಣೆಯಲ್ಲಿ ನಾನು ದನಿ ತಗ್ಗಿಸಿಯೇ ಮಾತನಾಡುತ್ತೇನೆ. ಭಾವ ಅಕ್ಕನನ್ನು ಹೊರಗಿಡಬೇಕೆಂದು ಆ ಸಾಲು ಬರೆದವರಲ್ಲ. ಬರೆಯುವಾಗ ಆಕೆ ಅವರ ನೆನಪಿಗೇ ಬಂದಿರಲಿಲ್ಲ, ಅಷ್ಟೆ. ನಿಮ್ಮ ಮನೆಯಲ್ಲಿ ನೀವೊಬ್ಬರೇ ತೆರೆಯಬಲ್ಲದ್ದು ಏನಾದರೂ ಇದ್ದರೆ, ದಯವಿಟ್ಟು ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಿಂದಲೇ ಅದನ್ನು ಒಮ್ಮೆ ತೆರೆಸಿರಿ.