ಪಡುವಣಕ್ಕೆ ಬಂದ ಟ್ಯಾಂಕರ್

ನೀರಿನ ಕಾಕನ ಎಡಗೈ ಬಲಗೈಗಿಂತ ಎರಡು ಪಾಲು ಕಪ್ಪಗಿತ್ತು. ಸೌದಿಯಲ್ಲಿ ಸ್ಟೇರಿಂಗ್ ಎಡಕ್ಕೆ. ಟ್ಯಾಂಕರಿನ ಕಿಟಕಿಯ ಮೇಲೆ ಆ ಕೈಯಿಟ್ಟುಕೊಂಡೇ ಅವರು ವರ್ಷಗಟ್ಟಲೆ ಮರಳುಗಾಡು ಸುತ್ತಿದ್ದರು. ಎಂಬತ್ತರ ದಶಕದಲ್ಲಿ, ಅಬ್ಕೈಕ್ ಪಟ್ಟಣದ ಆಚೆ ಕೇಬಲ್ ಹಾಕುತ್ತಿದ್ದ ನಮ್ಮ ಕ್ಯಾಂಪಿಗೆ ನೀರು ತರುತ್ತಿದ್ದವರು ಅವರೇ. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ, ನಾನು ಉಳ್ಳಾಲದವನು. ಕಾಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ನಲ್ಲಿ ತೆರೆದಿಟ್ಟು ಹಲ್ಲುಜ್ಜಿದರೆ, "ನೇತ್ರಾವತಿ ಇಲ್ಲಿಗೆ ಬರುವುದಿಲ್ಲ ಮಾರಾಯ, ನಾನೇ ಬರಬೇಕು!" ಎಂದು ಬೈಯುತ್ತಿದ್ದರು. ಬೈದಾದ ಮೇಲೆ ಅದೇ ಮನುಷ್ಯನಿಗೆ ತಮ್ಮ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಡುತ್ತಿದ್ದರು.

ಒಂದು ಬೇಸಿಗೆಯ ಬೆಳಿಗ್ಗೆ ಒಳಗಿನ ಸೈಟಿಗೆ ಸಾಮಾನು ಇಳಿಸಿ ಒಬ್ಬನೇ ವಾಪಸಾಗುವಾಗ ನನ್ನ ಪಿಕಪ್ ಕೆಟ್ಟು ನಿಂತಿತು. ರಸ್ತೆಯ ಎರಡೂ ಬದಿಗೆ ಸೇನೆಯವರು ಗುಂಡು ಹಾರಿಸಿ ಅಭ್ಯಾಸ ಮಾಡುವ ಬಯಲು. ಅದನ್ನು ಅಡ್ಡ ಹಾಯ್ದರೆ ಕಡಲ ಬದಿಯ ಹೆದ್ದಾರಿ ಸಿಗುತ್ತದೆಂದು ಕೇಳಿದ್ದೆ. ಎಷ್ಟು ಕಾದರೂ ಯಾರೂ ಬರಲಿಲ್ಲ. ಕ್ಯಾನಿನ ನೀರು ಮುಗಿಯಿತು. ಇಳಿಹೊತ್ತಿನ ಅಸರ್ ನಮಾಜು ಮಾಡಿ ಎದ್ದವನು ಎದುರಿಗೇ ನಡೆದುಬಿಟ್ಟೆ. ನಮ್ಮೂರ ಮಸೀದಿಯಲ್ಲಿ ಕಿಬ್ಲಾದತ್ತ, ಅಂದರೆ ಪಡುವಣದ ಮೆಕ್ಕಾದತ್ತ, ಮುಖ ಮಾಡಿ ನಿಂತರೆ ಎದುರಿನಿಂದಲೇ ಅಲೆಗಳ ಸದ್ದು. ಹುಟ್ಟಿದಂದಿನಿಂದ ಮೈಗೆ ಗೊತ್ತಿದ್ದ ಕಡಲು ಆ ದಿಕ್ಕಿನದು. ಸೌದಿಯ ಆ ಭಾಗದಲ್ಲಿ ಕಡಲು ಬೆನ್ನ ಹಿಂದೆ, ಪೂರ್ವಕ್ಕಿದೆ ಎಂಬುದು ಗಾಬರಿಯಲ್ಲಿ ತಲೆಗೇ ಹೋಗಲಿಲ್ಲ.

ನಡೆದಷ್ಟೂ ಬಯಲು. ಒಡೆದ ಷೆಲ್ಲಿನ ಚೂರುಗಳು, ಸುಟ್ಟ ಲಾರಿಗಳು, ಸಿಡಿಯದೆ ಅರ್ಧ ಹೂತುಹೋದ ಏನೇನೋ. ಕಾಲಿಡಲು ಭಯ, ನಿಲ್ಲಲು ಇನ್ನೂ ಭಯ. ನಾಲಗೆ ಅಂಗುಳಿಗೆ ಅಂಟಿತು. ಕಡಲ ಗಾಳಿಯ ಸುಳಿವೇ ಇಲ್ಲ. "ಉಮ್ಮಾ" ಎಂದು ತಾಯಿಯನ್ನು ಕೂಗಲು ಹೋದರೆ ಸ್ವರ ಹೊರಡಲಿಲ್ಲ. ಇಲ್ಲಿ ಸತ್ತರೆ ಒಂದು ಹಿಡಿ ಮಣ್ಣು ಹಾಕುವವರೂ ಇಲ್ಲವೆಂದು ಮರಳಲ್ಲಿ ಕುಸಿದು ಅತ್ತೆ. ಕಣ್ಣೀರೂ ಬರಲಿಲ್ಲ.

ಆಗ ಟ್ಯಾಂಕರಿನ ಹಾರ್ನ್ ಕೇಳಿಸಿತು. ನನ್ನನ್ನು ಹುಡುಕಲು ಹೊರಟವರಿಗೆ ಪಿಕಪ್ ಸಿಕ್ಕಿತ್ತಂತೆ. ಮಿಕ್ಕವರೆಲ್ಲ ಪೂರ್ವಕ್ಕೆ, ಹೆದ್ದಾರಿಯ ಕಡೆ ಹುಡುಕಲು ಹೋದರೆ, ಕಾಕ ಮಾತ್ರ ನಿಷೇಧದ ಬೋರ್ಡು ದಾಟಿ ಪಡುವಣಕ್ಕೆ ಟ್ಯಾಂಕರ್ ನುಗ್ಗಿಸಿದ್ದರು. ನನ್ನ ಬಾಯಿಗೆ ನೀರು ಹನಿಸುತ್ತಲೇ ಬೈದರು: "ಕಡಲು ಹುಡುಕಿಕೊಂಡು ಹೋದದ್ದಲ್ವಾ, ಪೆದ್ದ? ನನಗೆ ಗೊತ್ತುಂಟು. ಬಂದ ಹೊಸತರಲ್ಲಿ ನಾನೂ ಹೀಗೇ ಹೋದವ. ಮೆಲ್ಲ ಕುಡಿ ಮಾರಾಯ, ಮೆಲ್ಲ."

ಹೊರಬರುವಾಗ ಸೈನಿಕರ ಜೀಪು ಅಡ್ಡ ಬಂತು. ಇವನು ನನ್ನ ಹೆಲ್ಪರ್, ಇಲ್ಲಿಗೆ ಕರೆತಂದವನು ನಾನೇ ಎಂದು ಕಾಕ ಅರಬ್ಬಿಯಲ್ಲಿ ಹೇಳಿದರು. ಅಲ್ಲವೆನ್ನಲು ನನಗೆ ಮಾತೇ ಹೊರಡಲಿಲ್ಲ. ಸೈನಿಕರು ಅವರ ಇಕಾಮಾ, ಅಂದರೆ ಅಲ್ಲಿ ಇರಲು ಕೊಟ್ಟ ಪರವಾನಗಿ, ಕಿತ್ತುಕೊಂಡರು. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅವರನ್ನು ಊರಿನ ವಿಮಾನ ಹತ್ತಿಸಿಬಿಟ್ಟಿದ್ದ. ನನ್ನ ಕೆಲಸ ಉಳಿಯಿತು.

ಕೊನೆಗೂ ರಜೆ ಸಿಕ್ಕಿ ಉಪ್ಪಿನಂಗಡಿಗೆ ಹೋದಾಗ ಕಾಕ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದರು. ಅವರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳಿದರು: "ಅವರನ್ನು ಅಲ್ಲಿಂದ ಯಾಕೆ ಕಳಿಸಿದ್ದು, ನಿಮಗೆ ಗೊತ್ತುಂಟಾ? ಕೇಳಿದರೆ, ಅಲ್ಲಿಯ ಬಿಸಿಲು ನನಗೆ ಆಗುವುದಿಲ್ಲ ಅಂತಲೇ ಹೇಳಿದರು. ಊರವರು ಕದ್ದು ಸಿಕ್ಕಿಬಿದ್ದದ್ದು ಅಂತಾರೆ."

ನಾನು ಎಲ್ಲವನ್ನೂ ಹೇಳಿದೆ. ಆಕೆ ಬಾಯಿಗೆ ಬಟ್ಟೆ ಒತ್ತಿಕೊಂಡರು. ಆಮೇಲೆ ಮರೆಯಿಂದ ಈಚೆ ಬಂದು ಬೀದಿ ಕಡೆಯ ಕಿಟಕಿಗಳನ್ನೆಲ್ಲ ತೆರೆದರು.

"ಇನ್ನೊಮ್ಮೆ ಹೇಳಿ," ಎಂದರು. "ಜೋರಾಗಿ ಹೇಳಿ."